ವನಜಳ ತುಳಸಿ ದಳ

ಪೂಜಿತಾ,

ನಾನು ನಾವುಂದಕ್ಕೆ, ಮೀನು ಮಾರುವ ಸುಂದರಿಯ ಮನೆಗೆ ಹೊರಟಿದ್ದೇನೆ. ಗಂಜಿ ಒಲೆಯ ಮೇಲಿದೆ, ಉಂಡುಕೋ. ಅಜ್ಜಿಗಾಗಿ ಹಚ್ಚಿಟ್ಟ ದೀಪ ಆರದಂತೆ ಎಣ್ಣೆ ಹಾಕುತ್ತಿರು.

ಮನೆಯಲ್ಲಿ ಯಾರು ಒಳ್ಳೆಯ ಕೆಲಸ ಮಾಡಿದರೂ ನಿನ್ನ ಅಜ್ಜಿ ದೇವರ ಮುಂದೆ ಒಂದು ತುಳಸಿ ದಳ ಇಡುತ್ತಿದ್ದಳು. ಅಂದು ಅವರ ಗಂಜಿಗೆ ತುಪ್ಪ ತುಸು ಹೆಚ್ಚು ಬೀಳುತ್ತಿತ್ತು. ಯಾಕೆಂದು ಕೇಳಿದರೆ, "ಸುಮ್ನೆ ಉಣ್ಣಿ ಕಾಂಬ" ಅನ್ನುತ್ತಿದ್ದಳು. ಅಷ್ಟೇ ಅವಳ ಲೆಕ್ಕ, ಅಷ್ಟೇ ಅವಳ ಬಹುಮಾನ.

ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದಿದ್ದಾಗ ಸುಂದರಿಯ ಬುಟ್ಟಿಯಲ್ಲಿ ಅಕ್ಕಿ ಇಟ್ಟು, ಯಾರಿಗೂ ಕಾಣದಂತೆ ಮೇಲೆ ಬಾಳೆಲೆ ಮುಚ್ಚಿ ಕಳಿಸುತ್ತಿದ್ದಳು. ಅದನ್ನು ನೀನು ಸುಂದರಿಯ ಹೆಸರು ಸಮೇತ, ಊರೆಲ್ಲ ಓದುವ ಹಾಗೆ ಮೊಬೈಲಿನಲ್ಲಿ ಬರೆದುಬಿಟ್ಟೆ. ಅಜ್ಜಿಯ ಮೇಲಿನ ಪ್ರೀತಿಯಿಂದಲೇ ಬರೆದೆ, ನನಗೆ ಗೊತ್ತು ಮಗಾ.

ನಿನ್ನೆ ಅಜ್ಜಿಯ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಬಾ ಎಂದು ಫೋನ್ ಮಾಡಿದರೆ ಸುಂದರಿ ಅತ್ತಳು. "ಹ್ವಾಯ್, ವನಜಕ್ಕ ಇಪ್ಪುತನ್ಕ ನಾನ್ ತಲೆ ಎತ್ತಿ ತಿರ್ಗ್ದೆ. ಈಗ ಯಾವ್ ಮೋರೆ ಹೊತ್ಕಂಡ್ ಬಪ್ಪುದ್? ನಾನ್ ಬತ್ತಿಲ್ಲೆ" ಅಂದಳು.

ನಾಳೆ ಬೊಜ್ಜ. ಸುಂದರಿ ಉಣ್ಣದ ಊಟ ನಿನ್ನ ಅಜ್ಜಿಗೆ ಮುಟ್ಟೀತೆಂದು ನನಗೆ ಅನಿಸುವುದಿಲ್ಲ. ಆದ್ದರಿಂದ ಹೋಗಿ ಅವಳ ಜಗಲಿಯಲ್ಲಿ ಕೂರುತ್ತೇನೆ. ಅವಳು "ಬತ್ತೆ" ಅನ್ನುವ ತನಕ ಏಳುವುದಿಲ್ಲ.

ನೀನು ಬರೆದದ್ದನ್ನು ಅಳಿಸಿಬಿಡು. ಅದರ ಕೆಳಗೆ ಜನ ಅಜ್ಜಿಯನ್ನು ಹೊಗಳಿದ್ದನ್ನೆಲ್ಲ ನೀನು ಓದಿ ಹೇಳಿದಾಗ ನನಗೆ ಅವಳು ಮನೆಯೊಳಗೇ ಇದ್ದ ಹಾಗಾಯಿತು. ಇನ್ನೊಮ್ಮೆ ಓದಿಸಿಕೊಳ್ಳುವ ಆಸೆ ಬಹಳ ಇದೆ. ಅದಕ್ಕೇ ಹೇಳುತ್ತೇನೆ, ನಾನು ಬರುವ ಮೊದಲೇ ಅಳಿಸು.

ಅಜ್ಜ