ಚಂದ್ರವ್ವನ ಕೊನೆಯ ನುಡಿಯನ್ನು ಕತ್ತರಿಸಿದವರಿಗೆ

ಪೂರಕ ವಾಚಿಕೆಯ ಸಂಪಾದನಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಬದುಕಿರುವ ಹೆಣ್ಣುಮಗಳೊಬ್ಬಳನ್ನು ತಾವು ‘ಅಜ್ಞಾತ’ಳನ್ನಾಗಿ ಮಾಡಿದ್ದೀರಿ. ಅದನ್ನು ತಿದ್ದಿರೆಂದು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಮ್ಮ ಐದನೆಯ ತರಗತಿಯ ವಾಚಿಕೆಯಲ್ಲಿರುವ ನಾಟಿಯ ಹಾಡನ್ನು ಕಟ್ಟಿದವಳು ಪಾರಿಶ್ವಾಡದ ಚಂದ್ರವ್ವ. ಹಾಡು ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಹೆಸರು ಹೇಳಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ‘ಕೆಸರಾಗ ನಿಂತು ಕಟ್ಟ್ಯಾಳ ಪದವ, ಪಾರಿಶ್ವಾಡದ ಚಂದ್ರವ್ವ’ ಎಂಬ ಆ ನುಡಿಯನ್ನೇ ಕತ್ತರಿಸಿ, ಕೆಳಗೆ ‘ಜನಪದ, ಕರ್ತೃ ಅಜ್ಞಾತ’ ಎಂದು ಅಚ್ಚು ಹಾಕಿಸಿದಿರಿ. ಪುಟದಲ್ಲಿ ಜಾಗವಿರಲಿಲ್ಲವಂತೆ. ಅದೇ ಪುಟದಲ್ಲಿ ಅಂಗೈಯಗಲದ ಕೊಕ್ಕರೆಯ ಚಿತ್ರಕ್ಕೆ ಜಾಗ ಹೇಗೆ ದೊರೆಯಿತು? ಆ ಕೊಕ್ಕರೆ ಯಾವ ಹಾಡು ಕಟ್ಟಿದೆ? ಪರೀಕ್ಷೆಯಲ್ಲಿ ಹಾಡು ಯಾರದೆಂಬ ಪ್ರಶ್ನೆಗೆ ‘ನಮ್ಮಜ್ಜಿಯದು’ ಎಂದು ಬರೆದ ಚಂದ್ರವ್ವನ ಮೊಮ್ಮಗಳು ಪೂರ್ವಾಳ ಉತ್ತರಕ್ಕೆ ಕೆಂಪು ಗೆರೆ ಬಿತ್ತು. ನಾನೂ ಜೀವಮಾನವೆಲ್ಲ ಕೆಂಪು ಗೆರೆ ಎಳೆದವಳು. ಸತ್ಯದ ಮೇಲೆ ಎಳೆದದ್ದಿಲ್ಲ.

ಚಂದ್ರವ್ವನನ್ನು ಬೆಳಗಾವಿಗೆ, ನನ್ನ ಹಳೆಯ ವಿದ್ಯಾರ್ಥಿನಿ ಸುಹಾಸಿನಿಯ ಬಳಿಗೆ ಕರೆದೊಯ್ದೆ. ಕಾನೂನಿನ ಪ್ರಾಧ್ಯಾಪಕಿಯಾಗಿ ಅವಳು ಕೃತಿಸ್ವಾಮ್ಯವನ್ನು ಆರಿಸಿಕೊಂಡಾಗ ಹಿರಿಯ ವಕೀಲರು, ‘ಹೊಲದ ಗಡಿ ಬಾಂದ ಬಿಟ್ಟು ಹಾಡಿನ ಬಾಂದ ಅಳ್ಯಾಕ ಹೊಂಟಾಳ ನೋಡ್ರಿ’ ಎಂದು ನಕ್ಕಿದ್ದರು. ಲೇಖಕರ ಹಕ್ಕನ್ನು ಕಲಿಸುತ್ತಲೇ ಅವಳ ತಲೆ ನರೆಯಿತು. ಖಾಸಬಾಗದ ನಾಟಕಕಾರನೊಬ್ಬನ ಹೆಸರನ್ನು ನಾಟಕ ಕಂಪನಿಯ ಮಾಲೀಕರು ಗೋಡೆಯ ಜಾಹೀರಾತಿನಿಂದ ಕಿತ್ತುಹಾಕಿದಾಗ, ಅದು ಗೋಡೆಗಳಿಗೆ ಮರಳಿದ್ದು ಅವಳು ತನ್ನ ಶಿಷ್ಯರಿಗೆ ಸಿದ್ಧಪಡಿಸಿಕೊಟ್ಟ ವಾದದಿಂದ. ಈಗ ನಿವೃತ್ತಳಾಗಿ ತಾನೇ ಕರಿಕೋಟು ತೊಟ್ಟಿದ್ದಾಳೆ. ನಕ್ಕವರಿಗಿದು ತಿಳಿದಿರಲಿ.

ನಾವು ಮೂವರೂ ತಮ್ಮ ಕಚೇರಿಗೆ ಬಂದಾಗ ಸುಹಾಸಿನಿ ಸಾವಧಾನವಾಗಿ ವಿವರಿಸಿದಳು: ಕೃತಿಯನ್ನು ಮಾರಿದ ಮೇಲೂ ಅದು ನನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ, ಚಂದ್ರವ್ವ ಮಾರಿಯೂ ಇಲ್ಲ. ತಾವು ಚಂದ್ರವ್ವನ ಕಡೆ ತಿರುಗಿ, ಏಕವಚನದಲ್ಲಿ, ‘ಯವ್ವಾ, ಹಾಡು ಪುಸ್ತಕದಾಗ ಬಂದೈತಿ, ಖುಷಿ ಪಡು. ಹೆಸರ ತಗೊಂಡ ಏನ ಮಾಡ್ತಿ?’ ಎಂದಿರಿ.

‘ಹಂಗಾರ ಬಾಗಲಕ್ಕ ಬಡಿಸೀರಲ್ಲರೀ ನಿಮ್ಮ ಹೆಸರಿನ ಹಲಗಿ, ಅದನ್ನ ಕಿತ್ತ ಒಗೀರಿ ಸಾಹೇಬ್ರ. ಆಮ್ಯಾಲ ಮಾತಾಡೂಣು’ ಎಂದಳು ಚಂದ್ರವ್ವ.

ಇದಕ್ಕೆ ಉತ್ತರವಾಗಿ ತಾವು ಚಹಾ ತರಿಸಿದಿರಿ. ಮುಂದಿನ ಆವೃತ್ತಿಯ ಸಲಹೆಗಾರರಲ್ಲಿ ಸುಹಾಸಿನಿಯ ಹೆಸರನ್ನು ಸೇರಿಸುವುದಾಗಿಯೂ ಹೇಳಿದಿರಿ. ‘ನನ್ನ ಹೆಸರಿಗೆ ಜಾಗಾ ಐತಿ, ಆಕಿ ಹೆಸರಿಗೆ ಯಾಕ ಇಲ್ಲರೀ?’ ಎಂದು ಅವಳು ಕೇಳಿದೊಡನೆ ತಮಗೆ ಯಾವುದೋ ಸಭೆ ನೆನಪಾಯಿತು.

ನಾವು ಕೃಪೆ ಬೇಡುತ್ತಿಲ್ಲ. ಶಾಲೆಗಳಿಗೆಲ್ಲ ಈಗಲೇ ತಿದ್ದುಪಡಿ ಹೋಗಲಿ. ಮರುಮುದ್ರಣದಲ್ಲಿ ಹಾಡು ಪೂರ್ಣವಾಗಿ, ಚಂದ್ರವ್ವನ ಹೆಸರಿನೊಡನೆ ಬರಲಿ. ಪೂರ್ವಾಳ ಉತ್ತರ ಸರಿಯೆಂದು ದಾಖಲಾಗಲಿ. ಇಲ್ಲವಾದರೆ ಸುಹಾಸಿನಿ ದಾವೆ ಹೂಡುತ್ತಾಳೆ. ಚಂದ್ರವ್ವ ಸಾಕ್ಷಿಕಟ್ಟೆಯಲ್ಲಿ ನಿಂತು ಇಡೀ ಹಾಡನ್ನು ಹಾಡುತ್ತಾಳೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಅಲ್ಲಿ ತಮಗಿರುವುದಿಲ್ಲ.

ಇಂತಿ,
ತಮ್ಮ ವಾಚಿಕೆಯಿಂದ ಪಾಠ ಹೇಳುವ ಸಂಕಟ ಬರುವ ಮೊದಲೇ ನಿವೃತ್ತಳಾದ
ಸುಂದರಾಬಾಯಿ,
ಮಾಜಿ ಮುಖ್ಯೋಪಾಧ್ಯಾಯಿನಿ, ಖಾನಾಪುರ