ಅರಿಶಿನ ಹಚ್ಚಿದ ಗರಿ

ಎಲೆಕ್ಟ್ರಾನಿಕ್ ಸಿಟಿ, ಸೋಮವಾರ

ಅತ್ತಿಗೆ, ನಾನಿಲ್ಲಿ ಕುಣಿಯುವುದೊಂದು ಬಾಕಿ. ನಮ್ಮ ಹೊಲದಲ್ಲಿ ಸಿಕ್ಕ ಎರೆಭೂತ ಹಕ್ಕಿಯ ಗರಿಗೆ ಅರಿಶಿನ ಹಚ್ಚಿ, ಪೂಜೆ ಮಾಡಿ ಫಾರೆಸ್ಟಿನವರಿಗೆ ಕೊಟ್ಟಿರಲ್ಲ, ಅದು ಹಕ್ಕಿಯ ವಂಶ ಯಾವುದೆಂದು ಪರೀಕ್ಷಿಸಲು ನಾನು ಕಸ ಗುಡಿಸುವ ಲ್ಯಾಬಿಗೇ ಬಂತು. ನಿಮ್ಮ ಅರಿಶಿನದಿಂದ ಪರೀಕ್ಷೆ ಕೆಟ್ಟೀತೆಂದು ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಈ ಹಕ್ಕಿಗಳು ಬಹಳ ಕಡಿಮೆಯಾಗಿವೆಯಂತೆ. ಉಳಿದವೆಲ್ಲ ಒಂದೇ ಮನೆತನದವು, ಅವು ತಮ್ಮತಮ್ಮಲ್ಲೇ ಕೂಡಿ ಇಟ್ಟ ಮೊಟ್ಟೆ ಮರಿಯಾಗುತ್ತಿಲ್ಲವಂತೆ.

ಇವತ್ತು ಗರಿಯ ಪರೀಕ್ಷೆ ಮಾಡುವ ಆಶಾರಾಣಿ ಮೇಡಂ ಓಡಿ ಬಂದರು. "ಸಿದ್ದಕ್ಕಾ, ಗರಿ ಬುಡಕ್ಕೆ ಅರಿಶಿನ ತಾಗಿಲ್ಲ ಕಣ್ರೀ, ಪರೀಕ್ಷೆ ಸರಿಯಾಗೇ ಬಂತು! ನಿಮ್ಮೂರಿನ ಈ ಗಂಡು ಬೇರೆ ರಕ್ತ. ಇಂಥದ್ದು ನಮಗೆ ಸಿಕ್ಕೇ ಇರ್ಲಿಲ್ಲ!"

"ಅಂದ್ರ ಹೊಸಾ ಬೀಗರು ಸಿಕ್ಕಂಗಾತಲ್ರೀ ಮೇಡಂ" ಅಂದೆ. ಲ್ಯಾಬಿನವರೆಲ್ಲ ಬಿದ್ದು ಬಿದ್ದು ನಕ್ಕರು.

ನನ್ನ ಮೊಣಕಾಲು ನೋವು ಈಗ ವಾಸಿ. ಆದರೆ ಹೊಸ ಚಿಂತೆ ಹತ್ತಿದೆ. ಗರಿ ಸಿಕ್ಕ ಮೂಲೆಯನ್ನು ಈ ಸಲ ಹರಗಬೇಡ ಅಂತ ಅಣ್ಣನಿಗೆ ಹೇಳಿ. ನಾಯಿಯನ್ನು ಕಟ್ಟಿ ಹಾಕಿ, ಮರೆಯಬೇಡಿ. ಮದುವೆ ಗಂಡು ಅಲ್ಲೇ ಓಡಾಡುತ್ತಿದ್ದಾನೆ.

ಬಸ್ಸು ಬಂತು.
ನಿಮ್ಮ ನಾದಿನಿ ಸಿದ್ದಕ್ಕ