ಕರಾರಿನಲ್ಲಿ ಬರೆಸದ ಪದರು

ಕಲಬುರಗಿ, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ, 2101

ಮುತ್ತಜ್ಜ ಮಲಕಾಜಪ್ಪನವರಿಗೆ,

ನಿಮ್ಮ ಮರಿಮಗಳು ಇಂದುಮತಿ ಬರೆಯುತ್ತಿರುವುದು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಮಳೆ ನಿಂತ ಮೇಲೆ ಮತ್ತೆ ಬರುವ ಬಿಸಿಲುಗಾಲಕ್ಕೆ ನಾವು ಎರಡನೆಯ ಬೇಸಿಗೆ ಎನ್ನುತ್ತೇವೆ. ತಂಪುಪಾಲು ಎಂದರೆ ಮನೆ ತಣ್ಣಗಿಡಲು ಸಿಗುವ ಕರೆಂಟು. ಯಾರಿಗೂ ದಿನಕ್ಕೆ ಆರು ತಾಸಿಗಿಂತ ಹೆಚ್ಚಿಲ್ಲ. ಎದುರಿನ ಖಾಜಾಬಿಯವರ ಮನೆ ಅಷ್ಟರಲ್ಲೇ ಸಂಜೆಯವರೆಗೆ ತಂಪಾಗಿರುತ್ತದೆ. ನೀವು ಕಟ್ಟಿಸಿದ ಮನೆಯಲ್ಲಿ ಎಸಿ ನಿಂತ ಅರ್ಧ ತಾಸಿಗೆ ಗೋಡೆ ಮುಟ್ಟಲಾಗುವುದಿಲ್ಲ. ಬೆಳಿಗ್ಗೆಯ ಪಲ್ಯ ಮಧ್ಯಾಹ್ನಕ್ಕೇ ಹಳಸುತ್ತದೆ. ಮಕ್ಕಳು ಓದಲು ಎದುರುಮನೆಗೆ ಹೋಗುತ್ತಾರೆ, ನಾವು ಒದ್ದೆ ಚಾದರ ಹೊದ್ದು ಕೂರುತ್ತೇವೆ.

ಈ ಮೇ ತಿಂಗಳಲ್ಲಿ ಅವ್ವ ಜಗದೇವಿ ಕಾಲು ಮುರಿದುಕೊಂಡು ಮಲಗಿದ್ದಳು. ಎದುರುಮನೆಗೆ ಎತ್ತಿಕೊಂಡು ಹೋಗುತ್ತೇನೆ ಎಂದೆ. "ನಮ್ಮ ಮನಿ ಇದ್ದಾಗ ಮಂದಿ ಮನ್ಯಾಗ ಯಾಕ ಬೀಳಬೇಕು" ಎಂದಳು. ಒಂದು ಮಧ್ಯಾಹ್ನ ನಾನು ನೀರಿನ ಸಾಲಿನಲ್ಲಿ ನಿಂತಿದ್ದಾಗ ತಂಪುಪಾಲು ಮುಗಿಯಿತು. ಬರುವಷ್ಟರಲ್ಲಿ ಅವಳ ಮೈ ಕಾದ ಹಂಚಿನಂತಿತ್ತು. ಸಂಜೆ ತೀರಿಕೊಂಡಳು.

ದಿನಕರ್ಮವೆಲ್ಲ ಮುಗಿದ ಮೇಲೆ ಛಾವಣಿ ಒಡೆಸಿ ನೋಡಿದೆ. ಟೈಲ್ಸಿನ ಕೆಳಗೆ ಶಾಖ ತಡೆಯುವ ಪದರು ಇರಬೇಕಿತ್ತು, ಬರೀ ಮರಳಿತ್ತು. ನಿಮ್ಮ ಕರಾರುಪತ್ರ ಹುಡುಕಿ ತೆಗೆದೆ. ಗ್ರಾನೈಟಿನ ಬಣ್ಣದ ಬಗ್ಗೆಯೇ ಅರ್ಧ ಪುಟವಿದೆ. ಶಾಖದ ಬಗ್ಗೆ ಒಂದು ಸಾಲಿಲ್ಲ.

ಕರಾರಿಗೆ ಸಹಿ ಹಾಕಿದ ದಿನ ನಡೆದದ್ದನ್ನು ನಿಮ್ಮ ಹೆಂಡತಿ, ಮುತ್ತಜ್ಜಿ ಕಾಶಮ್ಮ, ಮುಪ್ಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಅವರು ನಿಮ್ಮನ್ನು ಕೇಳಿದ್ದರು: "ಮಾಳಗಿ, ಗೋಡಿ ಎಷ್ಟು ಶಾಖ ತಡೀಬೇಕು ಅಂತ ಬರಸ್ರಿ. ಹೊರಗಿನ ಇಂಜಿನಿಯರ್ ಪರೀಕ್ಷಾ ಮಾಡಿದ ಮ್ಯಾಲೇ ಕೀಲಿ ತಗೋರಿ." ನೀವು ಗುತ್ತಿಗೆದಾರನ ಎದುರೇ ನಕ್ಕಿರಿ. "ಅಣವೀರಪ್ಪ ನಮ್ಮವನೇ ಅದಾನ. ಬರದು ಕೊಡು ಅಂದ್ರ ಏನ್ ತಿಳ್ಕೋತಾನ? ಬಾಯಿಮಾತು ಸಾಕು." ಅವನೂ ತಲೆಯಾಡಿಸಿದ. "ಹಾಕ್ತೀನಿ ಬಿಡ್ರಿ ಅಕ್ಕಾರ."

ಅದೇ ವರ್ಷ ಖಾಜಾಬಿಯವರ ಹಿರಿಯರು ಎಲ್ಲವನ್ನೂ ಬರೆಸಿಕೊಂಡರು. ಪರೀಕ್ಷೆಯಲ್ಲಿ ಛಾವಣಿ ಸೋತಾಗ ಕರಾರು ತೋರಿಸಿ, ಕೀಳಿಸಿ, ಹೊಸದಾಗಿ ಹಾಕಿಸಿದರು. ಓಣಿಯವರು ಅವರನ್ನು ಜಗಳಗಂಟರೆಂದರಂತೆ. ನಿಮಗೆ ಮಾತ್ರ ಒಳ್ಳೆಯವರೆಂಬ ಹೆಸರು ಉಳಿಯಿತು.

ಈ ಪತ್ರ ಸಹಿಗೆ ಮುಂಚೆ ಮುಟ್ಟಿದರೆ ಮುತ್ತಜ್ಜಿ ಹೇಳಿದ್ದನ್ನು ಬರೆಸಿ. ಅಣವೀರಪ್ಪನಿಗೆ ಬೇಸರವಾದರೆ ಆಗಲಿ. ಮುಟ್ಟದಿದ್ದರೆ, ಈ ದೀಪಾವಳಿಗೆ ಹಿರಿಯರಿಗೆ ಎಡೆ ಇಡುವಾಗ ಅವ್ವನಿಗೆ ಇಡುತ್ತೇನೆ, ಮುತ್ತಜ್ಜಿಗೂ ಇಡುತ್ತೇನೆ. ನಿಮಗೆ ಇಡುವುದಿಲ್ಲ.

ಇಂದುಮತಿ